ಸದ್ದಿಲ್ಲದ ಯಂತ್ರ

ಜನವರಿ ೬

ಬೀಜ-ಗೊಬ್ಬರದ ಅಂಗಡಿಯವನು ವರ್ಷಕ್ಕೊಂದು ಡೈರಿ ಪುಕ್ಕಟೆ ಕೊಡುತ್ತಾನೆ. ಪುಕ್ಕಟೆ ಸಿಕ್ಕಿದ್ದನ್ನು ಖಾಲಿ ಬಿಡುವ ಜಾಯಮಾನ ನನ್ನದಲ್ಲ. ಆದರೂ ಹಿಂದಿನ ಡೈರಿಗಳೆಲ್ಲ ಎರಡನೇ ವಾರದಲ್ಲೇ ಉಸಿರು ಬಿಟ್ಟವು. ಈ ಸಲ ನೋಡೋಣ.

ಇವತ್ತು ಬರೆಯಲು ಕಾರಣವಿದೆ. ಆಸ್ಪತ್ರೆಯ ಬೇಲಿ ನನಗೆ ಬಂತು. ಊರಿನ ಬೇಲಿ ಕತ್ತರಿಸುವವರೆಲ್ಲ ಕಣ್ಣಿಟ್ಟಿದ್ದ ಕೆಲಸ ಅದು. ಕಟ್ಟಡದ ಸುತ್ತ ಗಿಡದ ಬೇಲಿ. ವರ್ಷಗಟ್ಟಲೆ ಯಾರೂ ಮುಟ್ಟದೆ ಕೆಳಗಿನ ವಾರ್ಡುಗಳ ಕಿಟಕಿಗಳನ್ನೇ ನುಂಗಿ ಕೂತಿದೆ. ಒಳಗೆ ಮಲಗಿದವರಿಗೆ ಹಗಲಲ್ಲೂ ದೀಪ ಬೇಕು. ಅದನ್ನು ಕಿಟಕಿಯ ಕೆಳ ಅಂಚಿನವರೆಗೆ ಇಳಿಸಬೇಕು. ಷರತ್ತು ಎರಡು. ಪೆಟ್ರೋಲ್ ಯಂತ್ರ ಕೂಡದು, ರೋಗಿಗಳಿಗೆ ಸದ್ದೂ ಆಗದು, ಹೊಗೆಯೂ ಆಗದು. ಮತ್ತೆ, ಫೆಬ್ರವರಿ ಮುಗಿಯುವುದರೊಳಗೆ ಕೆಲಸ ಮುಗಿಯಬೇಕು. ಆಮೇಲೆ ಹಕ್ಕಿಗಳು ಗೂಡು ಕಟ್ಟಲು ಶುರು ಮಾಡುತ್ತವೆ, ಬೇಲಿ ಮುಟ್ಟುವಂತಿಲ್ಲ. ಅಂದರೆ ಈ ಕೊರೆಯುವ ಚಳಿಯಲ್ಲಿ, ಈ ಅಕಾಲದ, ಬಿಡದ ಮಳೆಯಲ್ಲಿ, ಬ್ಯಾಟರಿ ಯಂತ್ರ ಹಿಡಿದು. ಉಳಿದವರೆಲ್ಲ ಷರತ್ತು ಕೇಳಿಯೇ ಜಾಗ ಖಾಲಿ ಮಾಡಿದರು.

ತೋಟದ ಮೇಲ್ವಿಚಾರಕಿ ಮೇಡಂ ಬ್ಯಾಟರಿ ಯಂತ್ರದ ಅನುಭವ ಇದೆಯೇ ಎಂದು ಕೇಳಿದರು. ಇಲ್ಲದೆ ಏನು ಅಂದೆ. ಅದರ ಗುಣ, ದೋಷ, ಬಾಳಿಕೆ ಎಲ್ಲವನ್ನೂ ಅವರ ಚಹಾ ಆರುವವರೆಗೆ ವಿವರಿಸಿದೆ. ಅಲ್ಲಿಂದ ಹೊರಬಿದ್ದವನೇ ಯಂತ್ರಗಳ ಅಂಗಡಿಗೆ ಹೋಗಿ, ಬದುಕಿನಲ್ಲಿ ಮೊದಲ ಬಾರಿಗೆ ಬ್ಯಾಟರಿ ಯಂತ್ರವನ್ನು ಕೈಯಲ್ಲಿ ಹಿಡಿದು ನೋಡಿದೆ.

ಜನವರಿ ೯

ಮೊದಲ ದಿನ. ಮಳೆ ಅನ್ನುವಷ್ಟು ಮಳೆಯಲ್ಲ, ಸೂಜಿಯಂಥ ಹನಿ. ಕೆಲಸಕ್ಕೆ ನಾನು ಮತ್ತು ಭಾಮೈದ.

ಭಾಮೈದನ ವಿಷಯ ಒಮ್ಮೆ ಬರೆದಿಡಬೇಕು. ನಮ್ಮವಳ ತಮ್ಮ. ಸಲೂನು ಇಟ್ಟಿದ್ದ. ರಸ್ತೆ ಅಗಲ ಮಾಡುವಾಗ ಕಟ್ಟಡ ಹೋಯಿತು, ಜತೆಗೆ ಸಲೂನೂ ಹೋಯಿತು. ಬೇರೆ ದಾರಿ ಸಿಗುವವರೆಗೆ ಇಟ್ಟುಕೊಳ್ಳಿ ಎಂದಳು ನಮ್ಮವಳು. ಹೋದ ಬೇಸಿಗೆಯಿಂದ ನನ್ನ ವ್ಯಾನಿನಲ್ಲಿ ಕೂತುಕೊಂಡೇ ದಾರಿ ಹುಡುಕುತ್ತಿದ್ದಾನೆ. ನಾನು ಕತ್ತರಿಸಿದ್ದನ್ನು ಗುಡಿಸುವುದು, ಚೀಲಕ್ಕೆ ತುಂಬುವುದು, ಏಣಿ ಹಿಡಿಯುವುದು ಅವನ ಪಾಲು. ಸಲೂನಿನವನಾಗಿಯೂ ಮಾತು ಕಡಿಮೆ. ಯಾಕೆಂದು ಕೇಳಿದರೆ, ಕುರ್ಚಿಯಲ್ಲಿ ಕೂತವರೇ ಮಾತಾಡುತ್ತಿದ್ದರು ಭಾವ, ನನಗೆ ಸಂದು ಸಿಗುತ್ತಿರಲಿಲ್ಲ ಅನ್ನುತ್ತಾನೆ. ನನ್ನ ಜತೆಯಲ್ಲೂ ಸಿಕ್ಕಿಲ್ಲ, ಪಾಪ.

ಯಂತ್ರ ಒಂದು ಆಟಿಕೆ. ಪೆಟ್ರೋಲ್ ಯಂತ್ರ ಅಂದರೆ ಜೀವಂತ ಪ್ರಾಣಿ. ಕತ್ತರಿಸದೆ ಸುಮ್ಮನೆ ಹಿಡಿದಾಗಲೂ ಗುರುಗುಟ್ಟುತ್ತಾ, ನಾನಿದ್ದೇನೆ ನೋಡು ಅನ್ನುತ್ತಿರುತ್ತದೆ. ಇದು ಒತ್ತಿದರೆ ಓಡುತ್ತದೆ, ಬಿಟ್ಟರೆ ಹೆಣ. ಓಡುವಾಗಲೂ ಹಳೆಯ ಫ್ಯಾನಿನಷ್ಟೇ ಸದ್ದು, ಮಳೆ ಜೋರಾದರೆ ಅದೂ ಕೇಳದು. ಸಾಲದ್ದಕ್ಕೆ ಎರಡೂ ಕೈ ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ಅದಕ್ಕೆ ಜೀವ: ಹಿಂದಿನ ಹಿಡಿಯಲ್ಲಿ ಬಲಗೈ ಬೆರಳಿಗೊಂದು ಗುಂಡಿ, ಮುಂದಿನ ಹಿಡಿಯಲ್ಲಿ ಎಡಗೈಗೊಂದು ಪಟ್ಟಿ. ಒಂದನ್ನು ಬಿಟ್ಟರೂ ಬ್ಲೇಡು ನಿಲ್ಲುತ್ತದೆ. ತಿಜೋರಿಗೂ ಇಷ್ಟು ಕಾವಲು ಇರುವುದಿಲ್ಲ.

ಬ್ಯಾಟರಿಗಳು ಮಧ್ಯಾಹ್ನಕ್ಕೆ ಮೊದಲೇ ಮಲಗಿದವು. ವ್ಯಾನಿನ ತಣ್ಣನೆಯ ತಗಡಿನ ಮೇಲೆ ಇಟ್ಟಿದ್ದೆ. ಚಳಿಗೆ ಅವುಗಳ ಶಕ್ತಿ ಉಡುಗಿಹೋಗುತ್ತದಂತೆ.

ನನ್ನ ಬೆರಳುಗಳದೂ ಅದೇ ಕಥೆ. ತುದಿಯಿಂದ ನಡುಗಂಟಿನವರೆಗೆ ಸೀಮೆಸುಣ್ಣದ ಬಿಳುಪು, ಯಾರದೋ ಬೆರಳು ತಂದು ಅಂಟಿಸಿದ ಹಾಗೆ. ಕೆಲವು ಚಳಿಗಾಲಗಳಿಂದ ಹೀಗಿದೆ. ರಕ್ತ ವಾಪಸು ಬರುವಾಗ ಕೆಂಜಿಗದ ಗೂಡಿಗೆ ಕೈ ಹಾಕಿದಂತೆ ಉರಿ. ಚಳಿಯಲ್ಲಿ ಯಾರ ಬೆರಳು ತಾನೆ ಬೆಚ್ಚಗಿರುತ್ತದೆ? ನಮ್ಮವಳಿಗೆ ಹೇಳುವ ವಿಷಯ ಅಲ್ಲ. ಹೇಳಿದರೆ ನಾಳೆಯೇ ವೈದ್ಯರ ಮುಂದೆ ಕೂರಿಸುತ್ತಾಳೆ, ಅವರು ಯಂತ್ರ ಬಿಡು ಅನ್ನುತ್ತಾರೆ. ಬೇಲಿಯವನ ಕೈ ಹೋದರೆ ಉಳಿಯುವುದು ಬಾಯಿ ಒಂದೇ.

ಜನವರಿ ೧೦

ಬ್ಯಾಟರಿಗಳನ್ನು ಮನೆಗೆ ತಂದು ಅಡುಗೆಮನೆಯಲ್ಲಿ, ಒಲೆಯಿಂದ ಒಂದಿಷ್ಟು ದೂರದಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿ ಮಲಗಿಸಿದೆ. ತಣ್ಣಗಿದ್ದಾಗಲೇ ಚಾರ್ಜಿಗೆ ಹಾಕಿದರೆ ಅವುಗಳ ಆಯಸ್ಸು ಕಡಿಮೆಯಾಗುತ್ತದೆ. ಮೊದಲು ಮೈ ಬೆಚ್ಚಗಾಗಬೇಕು. ಅಂಗಡಿಯವನು ಎರಡೆರಡು ಸಲ ಹೇಳಿದ್ದ.

ನಮ್ಮವಳು ಸಾರಿಗೆ ಒಗ್ಗರಣೆ ಹಾಕುತ್ತಾ ಓರೆಗಣ್ಣಲ್ಲಿ ನೋಡಿದಳು. "ನನ್ನ ಬಾಣಂತನದಲ್ಲಿ ಇಷ್ಟು ಮುತುವರ್ಜಿ ಮಾಡಿದ್ದು ನೆನಪಿಲ್ಲ ನಂಗೆ" ಎಂದಳು.

ನಿನ್ನನ್ನು ಕೊಂಡು ತಂದಿರಲಿಲ್ಲವಲ್ಲ ಎಂದೆ. ಸೌಟು ಎತ್ತಿದಳು. ಆದರೆ ರಾತ್ರಿ ಊಟವಾದ ಮೇಲೆ ಟವೆಲಿನ ಮೇಲೆ ಇನ್ನೊಂದು ಶಾಲು ಹೊದಿಸಿದ್ದವಳು ಅವಳೇ.

ಜನವರಿ ೧೪

ಹಗಲಿಡೀ ಮಳೆ. ಒದ್ದೆ ಬೇಲಿಯನ್ನು ಕತ್ತರಿಸುವುದು ಅಂದರೆ ಒದ್ದೆ ಕೂದಲನ್ನು ಬಾಚುವುದು. ಎಲೆ ತುಂಡಾಗುವುದಿಲ್ಲ, ಮೆತ್ತಿಕೊಳ್ಳುತ್ತದೆ. ಬ್ಲೇಡಿನ ಹಲ್ಲುಗಳ ನಡುವೆ ಹಸಿರು ಮುದ್ದೆ ಸಿಕ್ಕಿ ಯಂತ್ರ ತಿಣುಕುತ್ತದೆ, ನಿಲ್ಲುತ್ತದೆ. ಆಗ ಭಾಮೈದ ಬಂದು ಮುದ್ದೆ ಕಿತ್ತು ಬಿಸಾಡಬೇಕು. ಐದು ನಿಮಿಷಕ್ಕೊಮ್ಮೆ ಇದೇ ಸೇವೆ. ಅವನು ಬೇಲಿಯ ನೆತ್ತಿ ಸವರಿ, ಇದಕ್ಕೆ ತಲೆ ಒರೆಸಿಕೊಂಡು ಬರೋಕೆ ಯಾರೂ ಹೇಳಿಲ್ಲ ಭಾವ ಅಂದ. ವಾರಕ್ಕೊಂದು ಜೋಕು ಮಾಡುತ್ತಾನೆ, ಅದೂ ಮುಖ ಗಂಟು ಹಾಕಿಕೊಂಡು.

ಬ್ಯಾಟರಿಗಳನ್ನು ಈಗ ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಓಡಾಡುತ್ತೇವೆ. ಯಂತ್ರಕ್ಕೆ ಹಾಕುವ ಮೊದಲು ಒಣಬಟ್ಟೆಯಲ್ಲಿ ಅವುಗಳ ಬಾಯಿ ಒರೆಸಬೇಕು. ಈ ಉಪಚಾರಕ್ಕೆ ಎರಡರಷ್ಟು ಹೊತ್ತು ಬರುತ್ತವೆ.

ತೊಂದರೆ ಮುಂದಿನ ಹಿಡಿಯ ಪಟ್ಟಿಯದು. ಎಡಗೈಯಲ್ಲಿ ಅದನ್ನು ಸದಾ ಅದುಮಿ ಹಿಡಿದಿರಬೇಕು. ಬೆಳಗಿನ ಹೊತ್ತು ಅದುಮಿದೆ ಅಂದುಕೊಂಡಿರುತ್ತೇನೆ, ಯಂತ್ರ ಇಲ್ಲ ಅನ್ನುತ್ತದೆ. ಇದರ ಸ್ಪ್ರಿಂಗು ಸರಿಯಿಲ್ಲ. ಈಗಿನ ಕಾಲದ ಮಾಲು. ನನ್ನ ಹೊಸ ಅಂಗಿಯ ಕಾಜಾಗಳೂ ಹೀಗೇ, ಗುಂಡಿ ಹೋಗದಷ್ಟು ಸಣ್ಣ. ದಿನಾ ನಮ್ಮವಳೇ ಹಾಕಿ ಕಳಿಸುತ್ತಾಳೆ.

ಸಂಜೆ ಹಳೆಯ ಸೈಕಲ್ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿದೆ. ಮುಂದಿನ ಹಿಡಿಗೆ ಬಿಗಿಯಾಗಿ ಸುತ್ತಿದರೆ ಎಡಗೈಯ ಪಟ್ಟಿ ತಾನಾಗಿ ಅದುಮಿಕೊಂಡೇ ಇರುತ್ತದೆ. ಇನ್ನು ಹಿಂದಿನ ಗುಂಡಿಯೊಂದನ್ನು ನೋಡಿಕೊಂಡರೆ ಆಯಿತು. ಯಂತ್ರ ಮಾಡಿದ ಇಂಜಿನಿಯರಿಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ.

ಜನವರಿ ೧೫

ಟ್ಯೂಬಿನ ಪಟ್ಟಿ ಪಸಂದಾಗಿದೆ. ಭಾಮೈದ ಅದನ್ನೇ ನೋಡುತ್ತಿದ್ದ. ಏನು ಅಂದೆ. ಏನಿಲ್ಲ ಭಾವ ಅಂದ.

ಪೆನ್ನು ಜಾರುತ್ತಿದೆ. ಬೇರೆ ಪೆನ್ನು ತರಬೇಕು.

ಜನವರಿ ೨೧

ಪೂರ್ವದ ಬದಿ ಅರ್ಧ ಇಳಿಯಿತು. ಕಿಟಕಿಗಳು ಒಂದೊಂದಾಗಿ ತಲೆ ಎತ್ತುತ್ತಿವೆ. ಒಳಗಿನ ಮುದುಕರೊಬ್ಬರು ನಾನು ಕತ್ತರಿಸುತ್ತಾ ಹೋದಂತೆ ಹಾಸಿಗೆಯಿಂದ ಕತ್ತು ಚಾಚಿ ಹೊರಗೆ ನೋಡುತ್ತಿದ್ದರು. ನೋಡಲು ಇರುವುದು ವಾಹನ ನಿಲ್ಲಿಸುವ ಜಾಗ. ಆದರೂ ನೋಡಿದರು.

ಪಕ್ಕದ ಬಾಗಿಲ ಬಳಿ ಸೂರಿನಡಿ ನಿಂತು ಕೈಗೆ ಬಾಯಿಯ ಬಿಸಿ ಊದಿಕೊಳ್ಳುತ್ತಿದ್ದೆ. ಪಾಳಿ ಮುಗಿಸಿ ಹೊರಟ ನರ್ಸಮ್ಮ ನಿಂತುಬಿಟ್ಟರು. ಕೇಳದೆಯೇ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಎಷ್ಟು ವರ್ಷದಿಂದ ಯಂತ್ರ ಹಿಡಿಯುತ್ತಿದ್ದೀರಿ ಎಂದು ಕೇಳಿದರು. ಹಿಡಿಯದ ವರ್ಷ ನೆನಪಿಲ್ಲ ಅಂದೆ. ಒಳಗೆ ಬನ್ನಿ, ವೈದ್ಯರು ಇದ್ದಾರೆ ಅಂದರು. ನಾನು, ನಿಮ್ಮ ವೈದ್ಯರ ಕಿಟಕಿಗೆ ಇನ್ನೂ ಬೆಳಕು ಬಂದಿಲ್ಲ ನರ್ಸಮ್ಮ, ಆ ಬದಿ ಮುಗಿಯಲಿ, ಆಮೇಲೆ ಅವರಿಗೇ ಕಾಣುತ್ತದೆ ಅಂದೆ. ನಕ್ಕರು. ನಗಿಸಿದರೆ ಜನ ಕೈ ಬಿಡುತ್ತಾರೆ, ಇದು ನಾನು ಎಂದೋ ಕಂಡುಕೊಂಡದ್ದು.

ಭಾಮೈದ ಅಲ್ಲೇ ಚೀಲ ಕಟ್ಟುತ್ತಿದ್ದ. ನಗಲಿಲ್ಲ.

ಜನವರಿ ೨೭

ಇವತ್ತು ಬೇಗ ನಿಲ್ಲಿಸಿದೆವು. ಮಳೆ ಜೋರು. ಭಾಮೈದನ ಮಳೆಕೋಟಿನ ತೋಳು ಹರಿಯಿತು. ಬೇರೇನೂ ಇಲ್ಲ.

ಜನವರಿ ೨೮

ರಜೆ. ಬೇರೇನೂ ಇಲ್ಲ ಎಂದು ಬರೆದಿದ್ದೇನೆ ನಿನ್ನೆ. ಯಾರಿಗಾದರೂ ತೋರಿಸುವುದಕ್ಕೆ ಬರೆಯುವುದಾದರೆ ಅಷ್ಟೇ ಸಾಕಿತ್ತು.

ಆದದ್ದು ಹೀಗೆ. ಉತ್ತರದ ಮೂಲೆಯಲ್ಲಿ ಬ್ಲೇಡಿಗೆ ಮುದ್ದೆ ಸಿಕ್ಕಿಕೊಂಡಿತು, ಜತೆಗೊಂದು ಹೆಬ್ಬೆರಳು ಗಾತ್ರದ ಕಡ್ಡಿ. ಯಂತ್ರ ನಿಂತಿತು. ಎಂದಿನ ಹಾಗೆ ಬ್ಲೇಡನ್ನು ಭಾಮೈದನ ಕಡೆ ತಿರುಗಿಸಿ ಹಿಡಿದೆ. ಮುಖದ ಮೇಲಿನ ನೀರು ಒರೆಸಿಕೊಳ್ಳಲು ಎಡಗೈ ಎತ್ತಿದೆ. ಸದ್ದಿಲ್ಲ, ಹಾಗಾಗಿ ನಿಂತಿದೆ. ನಾನು ಹಾಗೆ ತಿಳಿದೆ, ಅವನೂ ಹಾಗೆ ತಿಳಿದ. ಅವನು ಕಡ್ಡಿ ಎಳೆದ.

ಬ್ಲೇಡು ಓಡಿತು.

ಮಳೆಕೋಟಿನ ತೋಳು ಮಣಿಕಟ್ಟಿನಿಂದ ಮೊಣಕೈವರೆಗೆ ಸೀಳಿತು. ಅವನು ಕೈ ಕಿತ್ತುಕೊಂಡ. ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ, ಗಿರಾಕಿಯ ಕತ್ತಿನ ಹಿಂಬದಿಗೆ ಕನ್ನಡಿ ಹಿಡಿದು ನೋಡುವವನ ಹಾಗೆ, ಅಷ್ಟೇ ನಿಧಾನ. ಗಾಯ ಇರಲಿಲ್ಲ. ಬ್ಲೇಡು ಇನ್ನೂ ಓಡುತ್ತಿತ್ತು.

"ಭಾವ, ಬೆರಳು ತೆಗೀರಿ."

ತೆಗೆದಿದ್ದೀನಲ್ಲ ಅಂದೆ.

"ಇಲ್ಲ ಭಾವ. ನೋಡ್ಕೊಳ್ಳಿ."

ನೋಡಿಕೊಂಡೆ. ನನ್ನ ಬಲಗೈ ಬೆರಳು ಗುಂಡಿಯ ಮೇಲಿತ್ತು, ಬಲವಾಗಿ ಒತ್ತಿಕೊಂಡೇ ಇತ್ತು. ಅದು ನನ್ನ ಬೆರಳು ಅನ್ನುವುದು ಕಣ್ಣಿಗೆ ಗೊತ್ತಾಯಿತು, ಕೈಗೆ ಗೊತ್ತಾಗಲಿಲ್ಲ. ಕಣ್ಣಲ್ಲಿ ನೋಡಿ ನೋಡಿ ತೆಗೆದೆ. ಟ್ಯೂಬಿನ ಪಟ್ಟಿ ಇರದಿದ್ದರೆ ಎಡಗೈ ಎತ್ತಿದಾಗಲೇ ಅದು ಓಡದ ಹಾಗಾಗುತ್ತಿತ್ತು. ತಿಜೋರಿಯ ಕಾವಲು ಎಂದು ನಗೆಯಾಡಿದ್ದೆ.

ಭಾಮೈದ ಬ್ಯಾಟರಿ ತೆಗೆದ. ಜೇಬಿನಿಂದ ಚಾಕು ತೆಗೆದು ಟ್ಯೂಬಿನ ಪಟ್ಟಿಯನ್ನು ಕತ್ತರಿಸಿದ, ಮಡಚಿ ಜೇಬಿಗಿಟ್ಟುಕೊಂಡ. ಆಮೇಲೆ ಬಿದ್ದ ಎಲೆ ಗುಡಿಸಿದ. ಬೈದಿದ್ದರೆ ನನ್ನ ಹತ್ತಿರ ಉತ್ತರ ಇತ್ತು: ಮಳೆ, ಸದ್ದಿಲ್ಲದ ದರಿದ್ರ ಯಂತ್ರ, ಅವನ ಅವಸರ. ಎಲ್ಲ ಜೋಡಿಸಿ ಇಟ್ಟುಕೊಂಡಿದ್ದೆ. ಅವನು ಕೇಳಲೇ ಇಲ್ಲ.

ಜನವರಿ ೨೯

ಬೆಳಿಗ್ಗೆ ಯಂತ್ರಕ್ಕೆ ಬ್ಯಾಟರಿ ಹಾಕಿದವನು ಭಾಮೈದ. ಹಾಕಿ ನನಗೆ ಕೊಡುತ್ತಾನೆ ಅಂದುಕೊಂಡೆ. ಕೊಡಲಿಲ್ಲ.

"ನೀವು ಕೆಳಗಿಂದ ಗೆರೆ ನೋಡಿ ಹೇಳಿ ಭಾವ. ನಾನು ಹಿಡಿದಿರ್ತೀನಿ."

ಅವನಿಗೂ ಕೆಲಸ ಕಲಿಸಬೇಕು ಎಂದು ನಾನು ಬಹಳ ದಿನದಿಂದ ಯೋಚಿಸುತ್ತಿದ್ದೆ. ಹಾಗಾಗಿ ಬಿಟ್ಟೆ. ಒಂದೆರಡು ದಿನ ಹಿಡಿಯಲಿ.

ಮೊದಲ ತಾಸು ಬೇಲಿಯ ನೆತ್ತಿ ಹಳ್ಳ-ದಿಣ್ಣೆ. ಇದೇನು, ಯಾರಿಗೋ ಹೆದರಿಕೊಂಡು ತಲೆ ಬೋಳಿಸಿದ ಹಾಗೆ ಮಾಡಿದ್ದೀಯಲ್ಲ ಅಂದೆ. ಮಧ್ಯಾಹ್ನದ ಹೊತ್ತಿಗೆ ಒಂದು ಸಂಗತಿ ಗಮನಿಸಿದೆ: ಅವನು ಸದ್ದನ್ನು ನಂಬುವುದೇ ಇಲ್ಲ, ಕಣ್ಣನ್ನು ಬ್ಲೇಡಿನಿಂದ ತೆಗೆಯುವುದೂ ಇಲ್ಲ. ಅಷ್ಟು ವರ್ಷ ಜನರ ಕಿವಿಯ ಪಕ್ಕ ಕರೆಂಟಿನ ಕತ್ತರಿ ಓಡಿಸಿದವನು. ಮುದ್ದೆ ಸಿಕ್ಕಿದರೆ ಮೊದಲು ಬ್ಯಾಟರಿ ಕಿತ್ತು ಜೇಬಿಗೆ ಹಾಕುತ್ತಾನೆ, ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಲ್ಲು ಹಲ್ಲು ಉಜ್ಜಿ ಒಂದು ತೊಟ್ಟು ಎಣ್ಣೆ ಬಿಡುತ್ತಾನೆ. ತಡ ಆಗುತ್ತದೆ ಎಂದು ಗೊಣಗಿದೆ. ಸಂಜೆ ನೋಡಿದರೆ ಯಂತ್ರ ಸಿಕ್ಕಿ ನಿಂತದ್ದು ಎಂದಿಗಿಂತ ಕಡಿಮೆ.

ಫೆಬ್ರವರಿ ೨

ನಮ್ಮವಳು ತಮ್ಮನ ಮಳೆಕೋಟಿಗೆ ತೇಪೆ ಹಾಕಲು ಕೂತಳು. ಏನಾಗಿತ್ತು ಎಂದಳು. ಬೇಲಿಯ ಕಡ್ಡಿ ತಗುಲಿ ಹರಿಯಿತು ಅಂದ ಅವನು, ತಟ್ಟೆಯಿಂದ ತಲೆ ಎತ್ತದೆ. ಸುಳ್ಳಿನಲ್ಲಿ ಅನುಭವ ಇಲ್ಲದವನು. ನಾನಾಗಿದ್ದರೆ ಕಡ್ಡಿಗೆ ಒಂದು ಹೆಸರು, ಒಂದು ಮುಳ್ಳು, ಒಂದು ಹಿನ್ನೆಲೆ ಕೊಡುತ್ತಿದ್ದೆ.

ಅವನು ಹೋದ ಮೇಲೆ ತೋಳನ್ನು ನನ್ನ ಮುಂದೆ ಹರಡಿದಳು. ಕಡ್ಡಿ ಹರಿದದ್ದು ಅಡ್ಡಾದಿಡ್ಡಿ ಇರುತ್ತದೆ. ಇದರಲ್ಲಿ ಉದ್ದಕ್ಕೂ ಒಂದೇ ಅಳತೆಯ ಕಚ್ಚುಗಳು, ಬಾಚಣಿಗೆಯ ಹಲ್ಲಿನ ಹಾಗೆ. ದಾರ ಪೋಣಿಸಲು ಸೂಜಿಯನ್ನು ನನ್ನ ಕೈಗೆ ಕೊಟ್ಟಳು. ಬೇಕೆಂದೇ ಕೊಟ್ಟದ್ದು. ಸೂಜಿ ನೆಲಕ್ಕೆ ಬಿತ್ತು. ಇನ್ನೊಮ್ಮೆ ಕೊಟ್ಟಳು, ಇನ್ನೊಮ್ಮೆ ಬಿತ್ತು. ತಾನೇ ಹೆಕ್ಕಿಕೊಂಡಳು.

"ನಿಮ್ಮ ಅಂಗಿ ಗುಂಡಿ ಹಾಕೋವಾಗ ಕಾಜಾ ನೋಡಲ್ವಾ ನಾನು? ದೊಡ್ಡದಾಗೇ ಇದೆ ಕಾಜಾ."

ನಾನು ಬ್ಯಾಟರಿಗಳಿಗೆ ಶಾಲು ಸರಿಮಾಡಿದೆ.

"ಅವನ ಕೈ ನಿಮ್ಮ ಕೈಯಿಂದ ಹೋಗ್ಬಾರ್ದು. ನಿಮ್ಮ ಕೈ ನಿಮ್ಮ ಹಟದಿಂದ ಹೋಗ್ಬಾರ್ದು. ಎರಡು ಮನೆಯ ಕೈನೂ ನಂದೇ. ನಂಗೆ ಬೇಕು ಅವು."

ಅಷ್ಟೇ ಹೇಳಿ ಹೊಲಿಯಲು ಶುರು ಮಾಡಿದಳು.

ಫೆಬ್ರವರಿ ೬

ನರ್ಸಮ್ಮನೇ ಒಳಗೆ ಕರೆದುಕೊಂಡು ಹೋದರು. ನಾನಾಗಿ ಹೋದದ್ದಲ್ಲ, ಮಳೆ ಹಿಡಿದಿತ್ತು, ಒಳಗೆ ಬೆಚ್ಚಗಿತ್ತು.

ವೈದ್ಯರು ಚಿಕ್ಕ ಪ್ರಾಯದವರು, ಅವಸರ ಇಲ್ಲದವರು. ಬೆರಳಿನ ತುದಿಗೆ ಏನೇನೋ ಚುಚ್ಚಿ ಗೊತ್ತಾಗುತ್ತದಾ ಎಂದು ಕೇಳಿದರು. ನಾನು ಕೆಲವಕ್ಕೆ ಹೌದು ಅಂದೆ. ನೀವು ಕಣ್ಣು ಮುಚ್ಚಿಲ್ಲ ಅಂದರು. ಮುಚ್ಚಿಸಿ ಮತ್ತೆ ಕೇಳಿದರು. ಈ ಸಲ ನನ್ನ ಅಂದಾಜು ನಡೆಯಲಿಲ್ಲ.

ವರ್ಷಾನುಗಟ್ಟಲೆ ನಡುಗುವ ಯಂತ್ರ ಹಿಡಿದವರಿಗೆ ಬರುವುದಂತೆ. ಬೆರಳಿನ ನರಗಳು, ಸಣ್ಣ ರಕ್ತನಾಳಗಳು ಸೋತುಹೋಗುತ್ತವೆ. ಚಳಿಗೂ ಒದ್ದೆಗೂ ಇನ್ನಷ್ಟು. ಹೋದದ್ದು ಪೂರಾ ವಾಪಸು ಬರುತ್ತದೆ ಎಂದು ಹೇಳುವಂತಿಲ್ಲ. ಇರುವುದನ್ನು ಉಳಿಸಿಕೊಳ್ಳಬಹುದು. ಕೈ ಬೆಚ್ಚಗಿಡಬೇಕು, ಬೀಡಿ ಬಿಡಬೇಕು, ಯಂತ್ರ ಹಿಡಿಯಬಾರದು.

ಬ್ಯಾಟರಿಯದು ನಡುಗುವುದು ಕಡಿಮೆ ಅಂದೆ. ಕಡಿಮೆ, ಇಲ್ಲವೆಂದಲ್ಲ ಅಂದರು. ದಿನಕ್ಕೆ ಎರಡು ಗಂಟೆ? ಇಲ್ಲ. ಒಂದು? ತಲೆ ಅಲ್ಲಾಡಿಸಿದರು. ವಾರಕ್ಕೆ ಒಂದು ಬೆಳಿಗ್ಗೆ, ಬಿಸಿಲಿದ್ದಾಗ ಮಾತ್ರ?

"ನಾನು ತರಕಾರಿ ಮಾರ್ತಾ ಇಲ್ಲ, ಯಜಮಾನ್ರೇ."

ಚೌಕಾಸಿಗೆ ಸಿಗದ ಮನುಷ್ಯರು ಬದುಕಿನಲ್ಲಿ ಎಷ್ಟು ಸಿಕ್ಕಿದ್ದಾರೆಂದು ಒಂದು ಕೈ ಬೆರಳಲ್ಲಿ ಎಣಿಸಬಹುದು. ಯಾವ ಕೈ ಬೆರಳು ಅನ್ನುವುದೇ ಈಗ ಪ್ರಶ್ನೆ.

ಹೊರಗೆ ಭಾಮೈದ ಬ್ಲೇಡು ಉಜ್ಜುತ್ತಾ ಕಾಯುತ್ತಿದ್ದ. ಏನಂದರು ಎಂದು ಕೇಳಲಿಲ್ಲ. ಚಳಿಗೆ ಹಾಗಾಗುತ್ತದಂತೆ ಅಂದೆ. ಸರಿ ಭಾವ ಅಂದ.

ಫೆಬ್ರವರಿ ೭

ಮಳೆ. ಬರೆಯುವಂಥದ್ದೇನಿಲ್ಲ.

ಫೆಬ್ರವರಿ ೧೨

ಕೆಳಗೆ ನಿಂತು ನೋಡುವುದಕ್ಕೂ ಒಂದು ಕಸುಬು ಬೇಕು. ಬೇಲಿಯ ಮೇಲೆ ಇರುವವನಿಗೆ ತನ್ನ ಮೂಗಿನ ಮುಂದಿನ ಗೇಣುದ್ದ ಮಾತ್ರ ಕಾಣುತ್ತದೆ. ಹತ್ತು ಹೆಜ್ಜೆ ಹಿಂದೆ ನಿಂತವನಿಗೆ ಇಡೀ ಗೆರೆ ಕಾಣುತ್ತದೆ. ನೆಲ ಇಳಿಜಾರಿದ್ದರೂ ನೆತ್ತಿ ಸಮ ಕಾಣಬೇಕಾದರೆ ಎಲ್ಲಿ ಒಂದಿಷ್ಟು ಹೆಚ್ಚು ತೆಗೆದು ಕಳ್ಳತನ ಮಾಡಬೇಕು, ಹಳೆಯ ದಪ್ಪ ಕೊಂಬೆಯನ್ನು ಎಲ್ಲಿ ಕಡಿಯದೆ ಎಲೆಯ ಹಿಂದೆ ಅಡಗಿಸಬೇಕು, ಇವೆಲ್ಲ ಅವನಿಗೆ ಹೇಳಿಕೊಡುತ್ತಾ ಹೋದೆ. ಹೇಳುವವರೆಗೆ ನನಗೇ ಗೊತ್ತಿರಲಿಲ್ಲ, ಇಷ್ಟೆಲ್ಲ ಗೊತ್ತಿದೆ ಎಂದು.

"ಸೈಡು ಇನ್ನೂ ಸಣ್ಣ ಮಾಡ್ಲಾ ಭಾವ?" ಎಂದು ಕೇಳಿದ ಒಮ್ಮೆ, ಹಳೆಯ ಅಭ್ಯಾಸದಲ್ಲಿ. ಮಾಡು, ಕಿವಿ ಉಳಿಸು ಅಂದೆ. ಕಿಟಕಿಯ ಮುದುಕರು ನಕ್ಕರು. ಈಗ ಅವರ ಕಿಟಕಿ ಪೂರಾ ತೆರೆದಿದೆ. ದಿನಾ ನಮಗೆ ಕೈ ಎತ್ತುತ್ತಾರೆ.

ಬ್ಯಾಟರಿ ಬದಲಿಸುವುದು, ಒರೆಸುವುದು, ಬೆಚ್ಚಗಿಡುವುದು ನನ್ನ ಪಾಲಿಗೆ ಬಂದಿದೆ. ಗುಡಿಸುವುದೂ. ನಾವು ದಕ್ಷಿಣದ ಬದಿ ಮುಗಿಸಿದೆವು. ಈ ಯಂತ್ರ ಮೊದಲು ಅಂದುಕೊಂಡಷ್ಟು ಕೆಟ್ಟದ್ದಲ್ಲ.

ಫೆಬ್ರವರಿ ೧೮

ಮೇಡಂ ಕೊಡೆ ಹಿಡಿದು ಸುತ್ತ ನೋಡಿಕೊಂಡು ಬಂದರು. ಭಾಮೈದ ಆಗ ವ್ಯಾನಿಗೆ ಚೀಲ ತುಂಬುತ್ತಿದ್ದ, ಯಂತ್ರ ನನ್ನ ಕಾಲ ಬುಡದಲ್ಲಿತ್ತು. ಗೆರೆ ನೇರ ಬಂದಿದೆ, ನಿಮ್ಮ ಕೈ ಅಂದರೆ ಕೈ ಎಂದರು. ನಾನು ಏನೂ ಹೇಳಲಿಲ್ಲ. ಹೇಳದೆ ಇರುವುದು ಸುಳ್ಳಲ್ಲ.

ಮುಖ್ಯ ಬಾಗಿಲಿನ ಕಮಾನು ಒಂದು ಉಳಿದಿದೆ. ಬೇಲಿಯೇ ಬಾಗಿ ಎರಡು ಕಡೆಯಿಂದ ಬೆಸೆದುಕೊಂಡಿರುವ ಕಮಾನು. ಒಳಗೆ ಬರುವ ಪ್ರತಿಯೊಬ್ಬರೂ ಅದರಡಿಯಲ್ಲೇ ಬರಬೇಕು. ಅದನ್ನು ಬೇರೆ ಯಾರ ಕೈಗೂ ಕೊಡಬೇಡಿ, ನೀವೇ ಮಾಡಬೇಕು, ಆಡಳಿತದವರು ನೋಡಲು ಬರುತ್ತಾರೆ ಅಂದರು. ಅದು ಚೆನ್ನಾಗಿ ಬಂದರೆ ಪ್ರತಿ ವರ್ಷದ ಕೆಲಸ ನಮಗೇ.

ಭಾಮೈದನಿಗೆ ಕಮಾನು ಬರುವುದಿಲ್ಲ. ನೇರ ಗೆರೆ ಬೇರೆ, ಬಾಗು ಬೇರೆ. ಒಂದು ದಿನ ಹಿಡಿದರೆ ಏನಾಗುತ್ತದೆ? ಕೈಗವಸಿನೊಳಗೆ ಇನ್ನೊಂದು ಗವಸು, ಫ್ಲಾಸ್ಕಿನಲ್ಲಿ ಬಿಸಿನೀರು, ಗಳಿಗೆಗೊಮ್ಮೆ ಕೈ ಅದ್ದುವುದು. ಆಗುತ್ತದೆ. ವೈದ್ಯರೇನು ಅಲ್ಲಿ ನಿಂತು ನೋಡುವುದಿಲ್ಲ.

ನಮ್ಮವಳಿಗೆ ಹೇಳಿಲ್ಲ.

ಫೆಬ್ರವರಿ ೨೧

ಹಿತ್ತಲಲ್ಲಿ ನಮ್ಮದೇ ಗಿಡದ ಮೇಲೆ ಯಂತ್ರ ಹಿಡಿದು ನೋಡಿದೆ. ಬಿಸಿನೀರಿನಿಂದ ತೆಗೆದ ಕೂಡಲೇ ಪರವಾಗಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಬಿಳುಪು. ನಾಳೆ ಮೋಡ ಕಡಿಮೆ ಇರಬಹುದು.

ಫೆಬ್ರವರಿ ೨೨

ಮೋಡ ಕಡಿಮೆ ಇರಲಿಲ್ಲ. ಬೆಳಿಗ್ಗೆಯೇ ಆಲಿಕಲ್ಲಿನ ಪುಡಿ ಬೆರೆತ ಮಳೆ. ಮೇಡಂ ಬಂದಿದ್ದರು, ಜತೆಗೆ ಆಡಳಿತದ ಇಬ್ಬರು, ಮೂವರಿಗೂ ಕೊಡೆ.

ನಾನು ಯಂತ್ರಕ್ಕೆ ಕೈ ಚಾಚಿದೆ. ಭಾಮೈದ ಒಂದು ಕ್ಷಣ ನೋಡಿದ. ಕೊಟ್ಟ. ಅವರೆಲ್ಲರ ಎದುರು ಕೊಡದೆ ಏನು ಮಾಡುತ್ತಾನೆ. ಆದರೆ ಕಮಾನಿನ ಇನ್ನೊಂದು ಬದಿಯ ಬುಡದ ಹತ್ತಿರ, ಕಡ್ಡಿ ಎಳೆಯುವ ಜಾಗದಲ್ಲೇ ಹೋಗಿ ನಿಂತ. ದೂರ ನಿಲ್ಲಬಹುದಿತ್ತು. ಅವನ ಕೋಟಿನ ತೋಳಿನ ಮೇಲೆ ನಮ್ಮವಳ ಹೊಲಿಗೆ.

ಕಮಾನಿಗೆಂದು ಕಟ್ಟಿದ್ದ ಅಟ್ಟಣೆ ಹತ್ತಿದೆ. ಎರಡೂ ಕೈ ಒತ್ತಿದೆ. ಬ್ಲೇಡು ಓಡುತ್ತಿದೆಯೇ ಎಂದು ತಿಳಿಯಲು ಬ್ಲೇಡನ್ನು ನೋಡಿದೆ. ಬಿಟ್ಟೆ. ಬಿಟ್ಟೆನೇ ಎಂದು ತಿಳಿಯಲು ಮತ್ತೆ ನೋಡಿದೆ. ಬ್ಲೇಡನ್ನು ನೋಡುತ್ತಿದ್ದರೆ ಬಾಗನ್ನು ನೋಡುವಂತಿಲ್ಲ, ಬಾಗನ್ನು ನೋಡಿದರೆ ಬ್ಲೇಡಿನ ಸುದ್ದಿ ತಿಳಿಯುವುದಿಲ್ಲ. ಅದರ ಆಚೆ ಇವನ ಕೈ.

ಇಳಿದುಬಿಟ್ಟೆ. ಏನಾಯಿತು ಎಂದರು ಮೇಡಂ. ಬ್ಯಾಟರಿ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ನನ್ನ ಕೈಗೆ ಯಂತ್ರ ಗೊತ್ತಾಗಲ್ಲ ಮೇಡಂ. ಓಡ್ತಿದೆಯೋ ನಿಂತಿದೆಯೋ ಗೊತ್ತಾಗಲ್ಲ. ನೀವು ಹೊಗಳಿದ ಗೆರೆ ಇವನದು. ಮೂರು ವಾರದಿಂದ ಕತ್ತರಿಸ್ತಾ ಇರೋನು ಇವನೇ."

ಜೋರಾಗಿ ಹೇಳಿಬಿಟ್ಟೆನೇನೋ. ವಾರ್ಡಿನ ಕಿಟಕಿಯಲ್ಲಿದ್ದವರೂ ತಿರುಗಿದರು. ಆಡಳಿತದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಕರಾರಿನಲ್ಲಿ ಅನುಭವಸ್ಥರು ಎಂದಿದೆಯಲ್ಲ ಅಂದರು ಒಬ್ಬರು. ಮೇಡಂ ಭಾಮೈದನನ್ನು ನೋಡಿದರು.

ಭಾಮೈದ ಅಟ್ಟಣೆ ಹತ್ತಿದ. ನಾನು ಹಿಂದೆ ಹಿಂದೆ ಹೋಗಿ ರಸ್ತೆಯ ಅಂಚಿನಲ್ಲಿ ನಿಂತೆ, ಕಮಾನು ಪೂರಾ ಕಾಣುವಲ್ಲಿ. ಎಡಕ್ಕೆ ಎರಡು ಬೆರಳು ತೆಗಿ, ಅಲ್ಲಿ ನಿಲ್ಲು, ಬಲಗಡೆಯ ಹೆಗಲು ಇಳಿಸು, ಅದು ಸತ್ತ ಕೊಂಬೆ, ಅದನ್ನು ನಂಬಬೇಡ. ಮಳೆಯ ಸದ್ದಿಗೆ ಗಂಟಲು ಹರಿಯುವ ಹಾಗೆ ಕೂಗಬೇಕಾಯಿತು. ಅವನು ಒಂದೊಂದು ಮಾತಿಗೂ ಯಂತ್ರ ನಿಲ್ಲಿಸಿ, ಕೇಳಿ, ಕತ್ತರಿಸಿದ. ಎರಡು ಸಲ ನಾನು ಹೇಳಿದ್ದು ತಪ್ಪಾಗಿತ್ತು. ಅವನು ಕತ್ತರಿಸದೆ ತಿರುಗಿ ನೋಡಿದ, ನಾನು ತಿದ್ದಿಕೊಂಡೆ. ಮುಗಿಯುವಾಗ ಮಧ್ಯಾಹ್ನ ದಾಟಿತ್ತು. ಕಮಾನು ನಾನು ಮಾಡುವಷ್ಟು ಗುಂಡಗೆ ಬರಲಿಲ್ಲ. ಎಡಗಡೆ ಒಂದಿಷ್ಟು ಚಪ್ಪಟೆ. ಗೊತ್ತಿದ್ದವರಿಗಷ್ಟೇ ಕಾಣುತ್ತದೆ.

ಮೇಡಂ ಅದರಡಿ ಒಮ್ಮೆ ಹೋಗಿ ಒಮ್ಮೆ ಬಂದರು. ಆಮೇಲೆ ನನಗಲ್ಲ, ಅವನಿಗೆ ಹೇಳಿದರು:

"ಮುಂದಿನ ವರ್ಷದ ಕರಾರು ನಿಮ್ಮ ಹೆಸರಿಗೇ ಮಾಡಿಸ್ಲಾ?"

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟು ಬದುಕಿದವನು ನಾನು. ಈ ಸಲ ನನಗಿಂತ ಮೊದಲು ಬಾಯಿ ತೆರೆದವನು ಅವನು. ಭಾಮೈದ ಅಟ್ಟಣೆಯ ಮೇಲಿಂದಲೇ ಅಂದ: "ಭಾವನ ಹೆಸರೇ ಇರ್ಲಿ ಮೇಡಂ. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರೋದು ಅವರಿಗೇ."

ಆಗ ನಾನು ಇಬ್ಬರ ಹೆಸರೂ ಹಾಕಿ, ಅವನದು ಮೊದಲು ಹಾಕಿ ಅಂದೆ. ಕತ್ತರಿಸುವವನ ಹೆಸರು ಮೇಲಿದ್ದರೆ ಮುಂದೆ ಯಾರೂ ಅನುಭವದ ತಕರಾರು ತೆಗೆಯುವಂತಿಲ್ಲ. ಅಷ್ಟೇ ಲೆಕ್ಕಾಚಾರ, ಬೇರೇನಲ್ಲ. ಮೇಡಂ ಬರೆದುಕೊಂಡರು.

ವ್ಯಾನಿನಲ್ಲಿ ಭಾಮೈದನಿಗೆ ಚೆನ್ನಾಗಿ ಬೈದೆ. ಒಂದು ಆಸ್ಪತ್ರೆಯ ಕೆಲಸ ತಾನಾಗಿ ಮಡಿಲಿಗೆ ಬಂದು ಬೀಳುವಾಗ ಯಾರಾದರೂ ಇನ್ನೊಬ್ಬರ ಹೆಸರು ಹೇಳುತ್ತಾರಾ? ಅವನ ಜಾಗದಲ್ಲಿ ನಾನಿದ್ದಿದ್ದರೆ ಮಳೆ ನಿಲ್ಲುವುದರೊಳಗೆ ರುಜು ಹಾಕಿಸಿಕೊಂಡಿರುತ್ತಿದ್ದೆ. ಹೌದು ಭಾವ ಅಂದ, ಗಾಜು ಒರೆಸುತ್ತಾ. ಇವನಿಗೆ ವ್ಯಾಪಾರ ಒಂದಿಷ್ಟೂ ಬರುವುದಿಲ್ಲ. ಹೀಗೇ ಬಿಟ್ಟರೆ ಹಾಳಾಗಿಹೋಗುತ್ತಾನೆ. ಜತೆಗಿದ್ದು ಕಲಿಸಬೇಕು.